ತಿರುಗದ ಕೂಸು



ಹೆರಿಗೆ ಹೊತ್ತಿಗೆ ಕೂಸಿನ ತಲೆ ಕೆಳಗೆ ತಿರುಗಿರಬೇಕು. 100ಕ್ಕೆ 3-4 ಕೂಸು ತಿರುಗೋದಿಲ್ಲ. ಕುಂಡೆ ಇಲ್ಲವೇ ಕಾಲು ಮುಂದಾಗಿ ಬರ್ತಾವೆ. ಇದು ಗ್ರಹಣದಿಂದ ಆದದ್ದಲ್ಲ. ಯಾರ ಶಾಪವೂ ಅಲ್ಲ.

ನನ್ನ ಎರಡನೇ ಕೂಸು ಹಾಗೇ ಇತ್ತು. ಒಂಬತ್ತನೇ ತಿಂಗಳಲ್ಲಿ ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿದರು. "ತಲೆ ಮೇಲಿದೆ, ಮನೇಲಿ ಹೆರಬೇಡ" ಅಂದರು. ತಾಯಿ ಕಾರ್ಡಿನಲ್ಲಿ ಬರೆದರು.

ಒಂದು ರಾತ್ರಿ ನೀರು ಒಡೀತು. ನೋವು ಶುರುವಾಯ್ತು. "ಸೂಲಗಿತ್ತಿನ ಕರೀರಿ" ಅಂದರು ಅತ್ತೆ. ನಾನು ಕಾರ್ಡು ತೆಗೆದು ಓದಿ ಹೇಳಿದೆ. ಎಲ್ಲರೂ ಸುಮ್ಮನಾದರು. ನಮ್ಮ ಮನೆಯವರು 108ಕ್ಕೆ ಫೋನು ಮಾಡಿದರು.

ಡಾಕ್ಟರಮ್ಮ ಹೇಳಿದರು: "ಮೈ ಹೊರಗೆ ಬಂದು ತಲೆ ಸಿಕ್ಕಿಕೊಂಡರೆ ಕೂಸಿಗೆ ಉಸಿರು ಸಿಗೋಲ್ಲ. ಹೊಕ್ಕುಳ ಬಳ್ಳಿಯೂ ಜಾರಬಹುದು." ಆಪರೇಷನ್ ಮಾಡಿದರು. ಹೆಣ್ಣು ಕೂಸು. ಅದರ ಅಳು ಕೇಳಿ ನನಗೂ ಅಳು ಬಂತು.

ಹೊಟ್ಟೆ ತಿಕ್ಕಿ ಕೂಸು ತಿರುಗಿಸಲು ಮನೇಲಿ ಯಾರಿಗೂ ಬಿಡಬೇಡಿ. ಕಾಲು ಕಂಡರೆ ಎಳೆಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಹೆರಿಗೆ, ಆಪರೇಷನ್ ಎರಡೂ ಉಚಿತ. ತಪ್ಪದೆ ತಪಾಸಣೆಗೆ ಹೋಗಿ. ಒಂಬತ್ತರಲ್ಲಿ ಬಾಯಿ ಬಿಟ್ಟು ಕೇಳಿ: "ಕೂಸಿನ ತಲೆ ಎಲ್ಲಿದೆ?" ಏನು ಬರೆದರು ಅಂತ ನೀವೇ ಓದಿ ನೋಡಿ.