ಹಿಟ್ಟಿನ ಗಿರಣಿಯಲ್ಲೊಂದು ವಿಜ್ಞಾನ ಕೇಂದ್ರ



ವಿಜ್ಞಾನಿಯೊಬ್ಬನಿಗೆ ಹುಟ್ಟೂರಿನಲ್ಲಿ ಎಂಥ ಸ್ಮಾರಕ ಇರಬೇಕು ಎಂಬುದರ ಬಗ್ಗೆ ಮಾತನಾಡಲು ಹೇಳಿದ್ದೀರಿ. ಒಂದೇ ಒಂದು ಊರಿನ ಕಥೆ ಹೇಳುತ್ತೇನೆ.

ಭೌತಶಾಸ್ತ್ರದ ಎಂ.ಎಸ್ಸಿ. ತರಗತಿಯಲ್ಲಿ ಗ್ರೀನ್ಸ್ ಫಂಕ್ಷನ್ ಎಂಬ ಪಾಠವಿದೆ. ನಾನೂ ಬಹಳ ವರ್ಷ ಅದನ್ನು ಕಲಿಸಿದವನು. ಈ ಗ್ರೀನ್ ಯಾರು ಎಂದು ವಿದ್ಯಾರ್ಥಿಗಳು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ಆತ ಹಿಟ್ಟು ಬೀಸುವವನು.

ಜಾರ್ಜ್ ಗ್ರೀನ್ ಹುಟ್ಟಿದ್ದು 1793ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ತಂದೆ ಬ್ರೆಡ್ ಸುಡುವವರು. ಶಾಲೆ ಕಂಡದ್ದು ಒಂದು ವರ್ಷದ ಆಸುಪಾಸು, ಅಷ್ಟೆ. ಒಂಬತ್ತನೆಯ ವಯಸ್ಸಿಗೆ ತಂದೆಯ ಭಟ್ಟಿಯ ಮುಂದೆ ನಿಂತ. ಆಮೇಲೆ ತಂದೆ ಪಕ್ಕದ ಸ್ನೈಂಟನ್ ಗುಡ್ಡದ ಮೇಲೆ ಇಟ್ಟಿಗೆಯ ಗಾಳಿಗಿರಣಿ ಕಟ್ಟಿಸಿದರು. ಮಗ ಅಲ್ಲಿ ಮೂಟೆ ಹೊತ್ತ, ಹಿಟ್ಟು ಬೀಸಿದ. ಬಿಡುವಾದಾಗ ಮೇಲಂತಸ್ತಿನಲ್ಲಿ ಕೂತು ಗಣಿತ ಓದುತ್ತಿದ್ದನೆಂದು ಹೇಳುತ್ತಾರೆ.

1828ರಲ್ಲಿ ಆತ ವಿದ್ಯುತ್ತು ಮತ್ತು ಕಾಂತತ್ವದ ಮೇಲೆ ಒಂದು ಪ್ರಬಂಧ ಅಚ್ಚು ಹಾಕಿಸಿದ. ಮುಂಗಡ ಹಣ ಕೊಟ್ಟು ಕೊಂಡವರು 51 ಜನ. ಹೆಚ್ಚಿನವರಿಗೆ ಅದರ ಒಂದು ಪುಟವೂ ತಿಳಿದಿರಲಾರದು. ಊರಿನ ಹುಡುಗನೆಂಬ ಅಭಿಮಾನಕ್ಕೆ ಕೊಂಡಿರಬೇಕು. ನಾವು ವಿಭವ ಎಂದು ಪಾಠ ಮಾಡುವ ‘ಪೊಟೆನ್ಷಿಯಲ್’ ಎಂಬ ಹೆಸರು ಬಂದದ್ದು ಆ ಪುಸ್ತಕದಿಂದ. ವಿದ್ಯುದಾವೇಶ ಹತ್ತಾರು ಕಡೆ ಹರಡಿಕೊಂಡಿದೆ ಎನ್ನಿ. ಒಂದು ಬಿಂದುವಿನಲ್ಲಿಟ್ಟರೆ ಪರಿಣಾಮ ಎಷ್ಟು ಎಂದು ಮೊದಲು ತಿಳಿದುಕೋ, ಆಮೇಲೆ ಎಲ್ಲ ಬಿಂದುಗಳದನ್ನೂ ಕೂಡಿಸು. ಸರಳವಾಗಿ ಹೇಳಿದರೆ ಇದೇ ಆತನ ದಾರಿ. ಇಂದು ಪರಮಾಣುವಿನೊಳಗಿನ ಲೆಕ್ಕಕ್ಕೂ ಅದೇ ದಾರಿ ಬೇಕು.

ನಲವತ್ತರ ವಯಸ್ಸಿನಲ್ಲಿ ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಹೋದ. 1841ರಲ್ಲಿ ತೀರಿಕೊಂಡಾಗ ಊರಿಗೆ ಆತನ ಬೆಲೆ ಗೊತ್ತಿರಲಿಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್‌ಗೆ 1845ರಲ್ಲಿ ಆ ಪುಸ್ತಕ ಸಿಕ್ಕಿತು; ಆಮೇಲೆ ಜಗತ್ತು ಓದಿತು.

ಗಿರಣಿ ಮಾತ್ರ ಹಾಳುಬಿತ್ತು. 1947ರಲ್ಲಿ ಬೆಂಕಿಗೆ ಸಿಕ್ಕು ಬರೀ ಗೋಡೆ ಉಳಿಯಿತು. 1970ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ನಿಧಿ ಕೂಡಿಸತೊಡಗಿದರು, ನಗರಾಡಳಿತ ಕಟ್ಟಡ ವಹಿಸಿಕೊಂಡಿತು. ಈಗ ಬಂತು ನೋಡಿ ನಮ್ಮ ಪ್ರಶ್ನೆ: ಏನು ಮಾಡಬೇಕು? ಪ್ರತಿಮೆ ನಿಲ್ಲಿಸೋಣವೆಂದರೆ ಗ್ರೀನ್‌ನ ಒಂದು ಭಾವಚಿತ್ರವೂ ಉಳಿದಿಲ್ಲ. ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಇದು ಅದೃಷ್ಟವೆಂದೇ ನನಗನಿಸುತ್ತದೆ. ಮುಖ ಸಿಕ್ಕಿದ್ದರೆ ಕಂಚು ಎರಕ ಹೊಯ್ದು, ವರ್ಷಕ್ಕೊಂದು ಹಾರ ಹಾಕಿ ಮುಗಿಸಬಹುದಿತ್ತು.

ಅವರು ಗಿರಣಿಗೆ ಮತ್ತೆ ನಾಲ್ಕು ರೆಕ್ಕೆ ಕಟ್ಟಿದರು, ಬೀಸುಕಲ್ಲು ಕೂಡಿಸಿದರು. ಅಂಗಳದಲ್ಲೇ ಮಕ್ಕಳಿಗೆ ವಿಜ್ಞಾನ ಕೇಂದ್ರ ಮಾಡಿದರು. 1985ರಲ್ಲಿ ಅದು ತೆರೆಯಿತು. ಅಲ್ಲಿ ಬೆಳಕು, ವಿದ್ಯುತ್ತು, ಅಯಸ್ಕಾಂತಗಳ ಆಟಿಕೆಗಳನ್ನು ಮುಟ್ಟಬಹುದು, ತಿರುಗಿಸಬಹುದು. ಪಕ್ಕದಲ್ಲೇ ಗಿರಣಿಯ ಏಣಿ. ರೆಕ್ಕೆಯ ತಿರುಗು ಹಲ್ಲುಚಕ್ರಗಳಿಂದ ಹೇಗೆ ಕಲ್ಲಿಗೆ ಇಳಿಯುತ್ತದೆ, ಗಾಳಿ ದಿಕ್ಕು ಬದಲಿಸಿದರೆ ಹಿಂದಿನ ಪುಟ್ಟ ರೆಕ್ಕೆಚಕ್ರ ಇಡೀ ಟೊಪ್ಪಿಗೆಯನ್ನೇ ಹೇಗೆ ಹೊರಳಿಸುತ್ತದೆ ಎಂಬುದನ್ನು ಹತ್ತಿ ನೋಡಬಹುದು. ಕಾಯಕ ಒಂದು ಕಡೆ, ಅರಿವು ಇನ್ನೊಂದು ಕಡೆ ಎಂದು ಗೋಡೆ ಕಟ್ಟಲಿಲ್ಲ.

1993ರಲ್ಲಿ ಗ್ರೀನ್ ಹುಟ್ಟಿ ಇನ್ನೂರು ವರ್ಷವಾದಾಗ ನೊಬೆಲ್ ಪಡೆದ ಜೂಲಿಯನ್ ಶ್ವಿಂಗರ್ ನಾಟಿಂಗ್‌ಹ್ಯಾಮ್‌ಗೆ ಬಂದು, ತಮ್ಮ ಕೆಲಸ ಗ್ರೀನ್‌ಗೆ ಎಷ್ಟು ಋಣಿ ಎಂಬ ಬಗ್ಗೆಯೇ ಉಪನ್ಯಾಸ ಕೊಟ್ಟರು. ಮಕ್ಕಳಿಗೆ ಅದೆಲ್ಲ ಬೇಕಿಲ್ಲ. ಅಲ್ಲಿ ಬೀಸಿದ ಹಿಟ್ಟನ್ನು ಅಲ್ಲೇ ಮಾರುತ್ತಾರೆ. ಒಂದು ಪೊಟ್ಟಣ ಕೊಂಡು ಮನೆಗೆ ಹೋಗಿ ರೊಟ್ಟಿ ಮಾಡಿಸಿಕೊಂಡು ತಿನ್ನಬಹುದು.