ಉಯಿಲು ಬರೆಯುವುದೇಕೆ?



ಉಯಿಲು ಅಥವಾ ಮರಣಶಾಸನ ಎಂಬ ಮಾತೆತ್ತಿದರೆ “ಬಿಡ್ತು ಅನ್ನು” ಎಂದು ಗದರುವ ಅಜ್ಜಿಯರು ಇಂದಿಗೂ ಇದ್ದಾರೆ. ಅದು ಎಪ್ಪತ್ತು ದಾಟಿದ ಜಮೀನುದಾರರ ವಿಷಯ ಎಂಬ ಭಾವನೆಯೂ ಇದೆ. ಆದರೆ ಉಯಿಲಿಲ್ಲದ ಮನೆಯಲ್ಲಿ ಕಷ್ಟಕ್ಕೆ ಸಿಲುಕುವವರಲ್ಲಿ ನಿಮ್ಮ ವಯಸ್ಸಿನವರೂ ಇರುತ್ತಾರೆ. ಆದ್ದರಿಂದಲೇ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ಲೆಕ್ಕ ಮಾಡೋಣ. ತಂದೆ ಸ್ವಂತ ದುಡಿಮೆಯಿಂದ ಒಂದು ಮನೆ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡರು ಎಂದುಕೊಳ್ಳಿ. ಉಳಿದವರು ಅವರ ತಾಯಿ, ಹೆಂಡತಿ, ಪಿಯುಸಿ ಓದುವ ಮಗ, ಎಂಟನೆಯ ತರಗತಿಯ ಮಗಳು. ಈಗ ಮನೆ ಯಾರದು? “ಅಮ್ಮನದು” ಎಂದು ನಿಮ್ಮಲ್ಲಿ ಹೆಚ್ಚಿನವರು ಹೇಳಬಹುದು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಾಲ್ವರಿಗೂ ಕಾಲು ಕಾಲು ಭಾಗ. ಅಜ್ಜ ಬದುಕಿದ್ದರೂ ಅವರಿಗೆ ಇಲ್ಲಿ ಪಾಲಿಲ್ಲ. ಮೃತನ ತಾಯಿ ಮೊದಲನೆಯ ವರ್ಗದ ವಾರಸುದಾರಳು, ತಂದೆ ಅಲ್ಲ. ವಿಚಿತ್ರವೆನಿಸೀತು, ಆದರೆ ಕಾಯಿದೆ ಇರುವುದೇ ಹಾಗೆ.

ಇನ್ನು ಮಗನ ಇಂಜಿನಿಯರಿಂಗ್ ಸೀಟಿಗೆ ಹಣ ಬೇಕು. ತಾಯಿ ಮನೆಯನ್ನು ಅಡವಿಡಲು ಹೊರಡುತ್ತಾರೆ. 18 ವರ್ಷ ತುಂಬದ ಮಕ್ಕಳ ಪಾಲಿಗೆ ಬಂದ ಇಂಥ ಸ್ಥಿರಾಸ್ತಿಯನ್ನು ಮಾರಲು ಅಥವಾ ಅಡವಿಡಲು ಹೆತ್ತ ತಾಯಿಗೂ ನ್ಯಾಯಾಲಯದ ಅನುಮತಿ ಬೇಕು. ಮಕ್ಕಳ ರಕ್ಷಣೆಗಾಗಿಯೇ ಮಾಡಿದ ನಿಯಮವಿದು, ತಪ್ಪೇನಿಲ್ಲ. ಆದರೆ ಶುಲ್ಕ ಕಟ್ಟುವ ಕೊನೆಯ ದಿನ ನ್ಯಾಯಾಲಯದ ಆದೇಶಕ್ಕಾಗಿ ಕಾದು ಕೂರುವುದಿಲ್ಲವಲ್ಲ! “ಮನೆ ನನ್ನ ಹೆಂಡತಿಗೆ” ಎಂದು ತಂದೆ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದಿಟ್ಟಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ.

“ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇವಲ್ಲ, ಸಾಕು” ಎನ್ನುವವರಿದ್ದಾರೆ. ನಾಮಿನಿ ಎಂದರೆ ಮಾಲೀಕ ಅಲ್ಲ. ಬ್ಯಾಂಕ್ ಠೇವಣಿಯ ಹಣವನ್ನು ಆತ ವಾರಸುದಾರರ ಪರವಾಗಿ ಪಡೆದುಕೊಳ್ಳುತ್ತಾನೆ, ಅಷ್ಟೆ. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿದೆ. ಜೀವವಿಮೆ ಮಾತ್ರ ಸ್ವಲ್ಪ ಬೇರೆ. 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣ ಅವರದೇ ಆಗುತ್ತದೆ.

ಉಯಿಲು ಬರೆಯುವುದು ದೊಡ್ಡ ವಿದ್ಯೆಯೇನಲ್ಲ. 18 ತುಂಬಿದ, ಸ್ವಸ್ಥ ಮನಸ್ಸಿನ ಯಾರೂ ಬರೆಯಬಹುದು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕೇಳುವುದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳು ಒಳಗಿನ ವಿವರ ಓದಬೇಕೆಂದೇನೂ ಇಲ್ಲ. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು, ಕೊನೆಯದೇ ಊರ್ಜಿತ. ಅದಕ್ಕೇ ತಾರೀಖು ಮರೆಯಬಾರದು.

ಸುಲಭವೆಂದ ಮಾತ್ರಕ್ಕೆ ಹೇಗೆಂದರೆ ಹಾಗೆ ಬರೆಯುವುದೂ ಸಲ್ಲದು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ 1895ರಲ್ಲಿ ವಕೀಲರ ನೆರವಿಲ್ಲದೆ ತನ್ನ ಉಯಿಲನ್ನು ತಾನೇ ಬರೆದ. ಬಹುಮಾನ ಯಾರಿಗೆಂದು ಹೇಳಿದನೇ ಹೊರತು, ಹಣವನ್ನು ವಹಿಸಿಕೊಳ್ಳಲು ಆಗ ಯಾವ ಸಂಸ್ಥೆಯೂ ಇರಲಿಲ್ಲ. 1896ರಲ್ಲಿ ಆತ ತೀರಿಕೊಂಡ ಮೇಲೆ ಬಂಧುಗಳಲ್ಲಿ ಕೆಲವರು ತಕರಾರು ತೆಗೆದರು. ನೊಬೆಲ್ ಪ್ರತಿಷ್ಠಾನ ಹುಟ್ಟಿದ್ದು 1900ರಲ್ಲಿ, ಮೊದಲ ಬಹುಮಾನ 1901ರಲ್ಲಿ. ಅಷ್ಟು ದೊಡ್ಡ ವಿಜ್ಞಾನಿಯ ಕಥೆಯೇ ಹೀಗೆ!

ಉಯಿಲಿಗೆ ಮಿತಿಗಳೂ ಇವೆ. ಮುಸ್ಲಿಂ ಕಾನೂನಿನಂತೆ ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದುಳಿದ ಆಸ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನಲ್ಲಿ ಕೊಡಲಾಗದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆ ತನ್ನ ಪಾಲನ್ನಷ್ಟೇ ಬರೆಯಬಹುದು. ಅದರಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತ್ತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ, ಆಗ ಮದುವೆಯಾದವರೂ ಸೇರಿದರು. ಹೆಣ್ಣುಮಕ್ಕಳಿಗೆ ಏನೂ ಸಿಗದಿರಲೆಂದೇ ಉಯಿಲು ಬರೆಸುವವರೂ ನಮ್ಮಲ್ಲಿದ್ದಾರೆ. ಸ್ವಯಾರ್ಜಿತ ಆಸ್ತಿಯ ಮಟ್ಟಿಗೆ ಕಾನೂನು ಅದನ್ನು ತಡೆಯುವುದಿಲ್ಲ. ನನ್ನ ಮನಸ್ಸಂತೂ ಒಪ್ಪುವುದಿಲ್ಲ.

ಮನೆಯಲ್ಲಿ ಈ ಮಾತು ತೆಗೆಯುವುದು ಹೇಗೆ? “ಆಸ್ತಿ ಯಾರಿಗೆ?” ಎಂದು ಕೇಳಿದರೆ ಯಾವ ತಂದೆಗೂ ಸಿಟ್ಟು ಬಂದೀತು. “ಅಪ್ಪಾ, ಮನೆ ಪತ್ರ, ಪಾಸ್‌ಬುಕ್ಕು, ಪಾಲಿಸಿ ಎಲ್ಲಿಟ್ಟಿದ್ದೀರಿ, ಅಮ್ಮನಿಗೆ ಗೊತ್ತೆ?” ಎಂದು ಕೇಳಿ ನೋಡಿ. ಉಯಿಲು ಬರೆದಾಗಿದ್ದು, ಮನೆಯಲ್ಲಿಡಲು ಅಳುಕಿದ್ದರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು. ಗುಟ್ಟಾಗಿರಬೇಕೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯವರ ಬಳಿ ಇಡಬಹುದು. ಬರೆದವರು ತೀರಿಕೊಂಡ ನಂತರ ಅರ್ಜಿ ಸಲ್ಲಿಸಿದವರ ಎದುರಿಗೇ ಆ ಲಕೋಟೆಯನ್ನು ಒಡೆದು, ಉಯಿಲಿನ ನಕಲನ್ನು ಪುಸ್ತಕದಲ್ಲಿ ದಾಖಲಿಸುತ್ತಾರೆ.