ನನ್ನ ಟೂಲ್‌ಗಳು ಮತ್ತು ಅಪ್ಪನ ನುಡಿ ಫೈಲು

ನವಿ ಮುಂಬೈನ ಬೇಲಾಪುರದಿಂದ ಮಾತಾಡ್ತಿದ್ದೀನಿ. ಹಿಂದೆ ಕೇಳಿಸ್ತಿರೋದು ಮಳೆ, ಕ್ಷಮಿಸಿ. ನಾನು ದಿನಾ ಬಳಸೋ ಟೂಲ್‌ಗಳ ಬಗ್ಗೆ ಹೇಳ್ತೀನಿ ಅಂದಿದ್ದೆನಲ್ಲ, ಅದೇ ಇವತ್ತಿನ ವಿಷಯ.

ಹಾರ್ಡ್‌ವೇರ್ ಬೇಗ ಮುಗಿಸ್ತೀನಿ. ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಅದಕ್ಕೆ 16 ಜಿಬಿ ರ್‍ಯಾಮ್. ಕೀಬೋರ್ಡ್ ಮಧ್ಯದ ಕೆಂಪು ಗುಂಡಿ ಇರೋದರಿಂದ ಐರೋಲಿ ಕಡೆಯ ಲೋಕಲ್‌ನಲ್ಲಿ ಸೀಟು ಸಿಕ್ಕರೆ ಮೌಸ್ ಬೇಕಾಗಲ್ಲ. ರೂಟರ್‌ಗೆ ಸಣ್ಣದೊಂದು ಯುಪಿಎಸ್. ದುಬಾರಿ ಮೆಕ್ಯಾನಿಕಲ್ ಕೀಬೋರ್ಡೂ ಒಂದಿದೆ; ಅದರ ಸದ್ದಿಗೆ ಮಗು ಎದ್ದುಬಿಡುತ್ತೆ, ಹಾಗಾಗಿ ಕಪಾಟಿನಲ್ಲಿದೆ.

ಸಾಫ್ಟ್‌ವೇರ್‌ನಲ್ಲಿ ಬರೆಯೋಕೆ ವಿಮ್, ಲೆಕ್ಕ ಇಡೋಕೆ ಗಿಟ್. ವಿಮ್ ಬಂದದ್ದು 1991ರಲ್ಲಿ, ಗಿಟ್ 2005ರಲ್ಲಿ. ಎರಡಕ್ಕೂ ನೆಟ್ ಬೇಡ. ಕನ್ನಡಕ್ಕೆ ಲಿನಕ್ಸ್‌ನಲ್ಲೇ ಇರೋ ಕಗಪ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ.

ಇವೆಲ್ಲ ನಿಜವಾಗಿ ಕೆಲಸಕ್ಕೆ ಬಂದದ್ದು ಆಫೀಸಿನಲ್ಲಲ್ಲ. ಅಪ್ಪ ಮೇಷ್ಟ್ರು. ನಿವೃತ್ತಿ ಆದಮೇಲೆ ಊರಿನ ನೆನಪುಗಳನ್ನ ನುಡಿಯಲ್ಲಿ ಟೈಪ್ ಮಾಡ್ತಿದ್ರು. ಅವರು ತೀರಿಕೊಂಡ ಮೇಲೆ ಪೆನ್‌ಡ್ರೈವ್ ತೆರೆದೆ. ಪರದೆ ತುಂಬಾ ಟೋಪಿ ಹಾಕಿದ, ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರಗಳು! ಒಂದು ಪದವೂ ಓದೋಕಾಗಲಿಲ್ಲ.

ಕಾರಣ ಸರಳ. ಆಗಿನ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನ ಕೂರಿಸಿದ್ದವು. ಫಾಂಟ್ ಇಲ್ಲದಿದ್ರೆ ಕನ್ನಡವೂ ಇಲ್ಲ. ಫಾಂಟ್ ಹಾಕಿದರೆ ಓದಬಹುದು, ಆದರೆ ಹುಡುಕೋಕೆ, ಫೋನಿಗೆ ಕಳಿಸೋಕೆ ಯೂನಿಕೋಡ್ ಬೇಕು.

ನೆಟ್‌ನಲ್ಲಿ ಪರಿವರ್ತಕಗಳಿವೆ. ನಾನು ಹಾಕಿ ನೋಡಿದಾಗ ಅಪ್ಪ ನಡುವೆ ಬರೆದಿದ್ದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿಬಿಟ್ಟವು. ಅದಕ್ಕೆ ಲಿಬ್ರೆಆಫೀಸ್‌ನಿಂದ ಡಾಕ್ ಫೈಲುಗಳನ್ನ ಡಾಕ್ಸ್ ಮಾಡಿ, ಪೈಥಾನ್‌ನಲ್ಲಿ ಪ್ರತಿ ತುಂಡಿನ ಫಾಂಟ್ ಹೆಸರು ಓದಿಸಿ, ನುಡಿ ಇದ್ದದ್ದನ್ನ ಮಾತ್ರ ಬದಲಿಸಿದೆ. ಖುಷಿಯಿಂದ ಅಮ್ಮನಿಗೆ ಕಳಿಸಿದೆ.

ಅಮ್ಮ ಫೋನ್ ಮಾಡಿ, "ಧಮರ್‌ಸ್ಥಳ ಎಲ್ಲಿದೆಯೋ? ನಿಮ್ಮಪ್ಪ ಹೀಗೆ ತಪ್ಪು ಬರೆಯೋರಲ್ಲ" ಅಂದ್ರು. ದನಿಯಲ್ಲಿ ಸಿಟ್ಟಿತ್ತು.

ತಪ್ಪು ನನ್ನದೇ. ಅರ್ಕಾವತ್ತು ಕಣ್ಣಿಗೆ ಕಾಣೋದು ಅಕ್ಷರದ ನಂತರ, ನುಡಿ ಫೈಲಲ್ಲೂ ನಂತರವೇ ಇರುತ್ತೆ. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ 'ರ' ಮೊದಲು ಬರಬೇಕು. ಕಾರ್ಯಕ್ರಮ ಕೂಡ ಕಾಯರ್‌ಕ್ರಮ ಆಗಿತ್ತು. ಹಿಂದಿನ ಇಡೀ ಅಕ್ಷರವನ್ನ, ಅದರ ಒತ್ತು, ಗುಣಿತ ಸಮೇತ ಹಾರಿ 'ರ್' ಕೂರಿಸಬೇಕಿತ್ತು. ಸರಿಮಾಡಿ ಮತ್ತೆ ಓಡಿಸಿ, ಬದಲಾದ ಸಾಲುಗಳನ್ನಷ್ಟೇ ಗಿಟ್ ಡಿಫ್‌ನಲ್ಲಿ ನೋಡಿದೆ. ಬೆಳಗ್ಗೆ ಲೋಕಲ್‌ನಲ್ಲಿ ಅಪ್ಪನ ಬರಹ ಸಾಲು ಸಾಲಾಗಿ ಓದಿದ್ದು ಹಾಗೆ. ಒಂದು ದಿನ ಇಳಿಯೋ ಸ್ಟೇಷನ್ ದಾಟಿ ಠಾಣೆಗೇ ಹೋಗಿಬಿಟ್ಟೆ.

ನಿಮ್ಮ ಮನೇಲಿ ಇಂಥ ಫೈಲುಗಳಿದ್ರೆ ಮೊದಲು ಫಾಂಟ್ ಹೆಸರು ಬರೆದಿಟ್ಟುಕೊಳ್ಳಿ. ಶ್ರೀಲಿಪಿಯ ಜೋಡಣೆ ಬೇರೆ, ಅದಕ್ಕೆ ನುಡಿಯ ಪಟ್ಟಿ ನಡೆಯಲ್ಲ. ಮೂಲ ಫೈಲನ್ನ ಮಾತ್ರ ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ನನ್ನ ಹತ್ತಿರ ಇನ್ನೂ 11 ಫೈಲು ಬಾಕಿ ಇವೆ. ಅಮ್ಮ ದಿನಾ ರಾತ್ರಿ ಕೇಳ್ತಾರೆ, ಇವತ್ತು ಎಷ್ಟಾಯ್ತು ಅಂತ.